ಮಳೆಗಾಲಕ್ಕೆ ದೋಣಿ ಎಳೆದ ಮೇಲೆ

ಸಂಜೆಗೇ ಕತ್ತಲಾಗಿತ್ತು. ಮಳೆಯ ರಭಸಕ್ಕೆ ಕರೆಂಟು ಹೋಗಿ, ಹೊರಟು ನಿಂತಿದ್ದ ನಾವೆಲ್ಲ ಮತ್ತೆ ದೊಡ್ಡಜ್ಜಿಯ ಮನೆಯ ನಡುಕೋಣೆಯಲ್ಲೇ ಕೂತೆವು. ಯಾರೋ ಮೇಣದ ಬತ್ತಿ ಹಚ್ಚಿದರು. ಪಕ್ಕದ ಚಿಕ್ಕಜ್ಜಿಯ ಮನೆಯ ಹಿತ್ತಲಿನ ದೋಣಿ ಶೆಡ್ಡಿನ ತಗಡಿನ ಮೇಲೆ ಮಳೆ ಬಡಿಯುತ್ತಿತ್ತು. ಆ ಹಳೇ ದೋಣಿಯನ್ನು ಚಿಕ್ಕಜ್ಜಿ ಯಾಕೆ ಗುಜರಿಗೆ ಕೊಡುವುದಿಲ್ಲ ಎಂದು ನನ್ನ ಅಣ್ಣ ಕೇಳಿದ. ದೊಡ್ಡಜ್ಜಿ ಕಾಲು ಚಾಚಿ, ಗೋಡೆಗೆ ಒರಗಿ ಶುರು ಮಾಡಿದಳು.

"ಗುಜರಿಗಾ... ಕೊಡೋಕೆ ಅದು ಅವಳದ್ದಾಗಿದ್ರೆ ತಾನೆ? ಕೇಳಿ. ನನ್ನ ತಂಗಿ, ಅಂದ್ರೆ ನಿಮ್ಮ ಚಿಕ್ಕಜ್ಜಿ, ಎರಡು ಸಲ ಮದುವೆಯಾದವಳು. ಮೊದಲನೆಯವನು ಮೀನು ಹಿಡಿಯೋನು. ಒಳ್ಳೇ ಮನುಷ್ಯ, ಆದ್ರೆ ಆ ದೋಣಿ ವಿಷಯದಲ್ಲಿ ಮಾತ್ರ ಯಾರನ್ನೂ ಹತ್ತಿರ ಸೇರಿಸ್ತಿರಲಿಲ್ಲ. ಮಳೆಗಾಲಕ್ಕೆ ಮುಂಚೆ ದೋಣೀನ ದಡಕ್ಕೆಳೆದು, ಶೆಡ್ಡಲ್ಲಿ ಮರದ ದಿಮ್ಮಿ ಮೇಲೆ ಕೂರಿಸಿ, ತಳಕ್ಕಂಟಿದ ಚಿಪ್ಪೆಲ್ಲ ಕೆರೆದು, ಉಪ್ಪು ಹೋಗೋ ತನಕ ಇಂಜಿನ್ನಿಗೆ ಸಿಹಿನೀರು ಕುಡಿಸಿ ಓಡಿಸಿ, ಟ್ಯಾಂಕಿನ ಪೆಟ್ರೋಲು ಬಸಿದು, ಪ್ಲಗ್ಗು ಬಿಚ್ಚಿ ಆ ತೂತಿಗೆ ಚಮಚದಲ್ಲಿ ಎಣ್ಣೆ ಬಿಟ್ಟು, ಅದು ಒಳಗೆಲ್ಲ ಹರಡಲಿ ಅಂತ ಇಂಜಿನ್ನಿನ ದೊಡ್ಡ ಚಕ್ರಾನ ಕೈಯಲ್ಲೇ ಮೆಲ್ಲಗೆ ತಿರುಗಿಸ್ತಿದ್ದ... ಮಗೂನ ತೊಟ್ಟಿಲು ತೂಗಿದ ಹಾಗೆ. ಇವಳು ಪಕ್ಕದಲ್ಲಿ ಎಣ್ಣೆ ಡಬ್ಬ ಹಿಡ್ಕೊಂಡು ನಿಂತಿರಬೇಕು, ಅಷ್ಟೆ. ಒಂದು ವರ್ಷ ಜ್ವರ ಬಂತು, ಹೋಗ್ಬಿಟ್ಟ.

"ಎರಡನೆಯವನು ಮೆಕ್ಯಾನಿಕ್ಕು. ಇಂಜಿನ್ನು ರಿಪೇರಿಗೆ ಅಂತ ಬಂದೋನು ಮನೆಯವನೇ ಆದ. ನಗಬೇಡ್ರೋ... ಪಾಪ, ಬಂಗಾರದಂಥವನು. ಆ ವರ್ಷ ಮಳೆಗೆ ಮುಂಚೆ ದೋಣಿ ಎಳೆದು ಎಲ್ಲ ಅಚ್ಚುಕಟ್ಟಾಗಿ ಮಾಡಿದ. ಇವಳು ಬಾಗಿಲಲ್ಲಿ ನಿಂತು ನೋಡ್ತಾ, ಮನಸಲ್ಲಿ ಏನೂ ಇಟ್ಕೊಳ್ಳದೆ, 'ಅವರು ಇನ್ನೂ ಸ್ವಲ್ಪ ಹೊತ್ತು ನೀರು ಬಿಡ್ತಿದ್ರು' ಅಂದ್ಲು. ಅಷ್ಟೇ ನೋಡಿ, ಅವನ ಹೊಟ್ಟೆಗೆ ಬೆಂಕಿ ಬಿತ್ತು. ಬದುಕಿರೋನಾದ್ರೆ ಜಗಳ ಆಡಬಹುದು, ಅವನಿಗಿಂತ ಚೆನ್ನಾಗಿ ಮಾಡಿ ತೋರಿಸಬಹುದು. ಸತ್ತೋನ ಹತ್ರ ಹೇಗೆ ಗೆಲ್ತೀರಿ? ಅವನು ಇನ್ನು ತಪ್ಪೇ ಮಾಡೋಲ್ವಲ್ಲ...

"ಮಾರನೇ ದಿನ ಹೋಗಿ ನೋಡ್ತಾನೆ, ಇಂಜಿನ್ನಿಂದ ನೀರು ತೊಟ್ಟಿಕ್ತಾ ಇದೆ. ಇವನು ಬಿಗಿದಿದ್ದ ಪ್ಲಗ್ಗು ಬಿಚ್ಚಿ ಒರೆಸಿಟ್ಟಿದೆ, ಹೊಸ ಎಣ್ಣೆ ಬಿದ್ದಿದೆ. ಯಾರೋ ಇವನ ಕೆಲಸಾನ ಮೊದಲಿಂದ ಮಾಡಿದಾರೆ! ಹೆಂಡ್ತಿನ ಕೇಳಿದ್ರೆ ನಾನಲ್ಲ ಅಂದ್ಲು. ಹಾಗಾದ್ರೆ ಇವಳಿಗೋಸ್ಕರ ಬರೋನು ಇನ್ನೊಬ್ಬ ಇದಾನೆ ಅಂತ ತಲೆಗೆ ಹೊಕ್ತು. ಶೆಡ್ಡಿಗೆ ಬೀಗ ಹಾಕಿ ಬೀಗದ ಕೈ ಸೊಂಟಕ್ಕೆ ಸಿಗಿಸ್ಕೊಂಡ. ಮತ್ತೆ ಹಾಗೇ ಆಯ್ತು. ಊಟ ಬಿಟ್ಟ, ಮಾತು ಬಿಟ್ಟ. ನನ್ನ ಹತ್ರ ಬಂದು, 'ಅಕ್ಕ, ನಿಜ ಹೇಳಿ, ಇವಳ ಮನಸಲ್ಲಿ ಯಾರಿದಾರೆ?' ಅಂದ.

"ಒಂದು ಮಧ್ಯಾಹ್ನ, ಹೀಗೇ ಮಳೆ... ಬೇಕಂತಲೇ ಎಣ್ಣೆ ಹಾಕಿ, ಚಕ್ರ ತಿರುಗಿಸದೆ, ಮೂಲೇಲಿ ಬಲೆ ರಾಶಿ ಹಿಂದೆ ಕೂತ. ಸ್ವಲ್ಪ ಹೊತ್ತಿಗೆ ಚಕ್ರ ತಾನಾಗೇ ತಿರುಗ್ತು. ಅರ್ಧ ಸುತ್ತು... ನಿಲ್ತು. ಇನ್ನರ್ಧ ಸುತ್ತು... ನೀವಾಗಿದ್ರೆ ಓಡ್ತಿದ್ರಿ. ಅವನಲ್ಲಿ ಹೆದರಿಕೆಗೆ ಜಾಗವೇ ಇರಲಿಲ್ಲ, ಮೈಯೆಲ್ಲ ಉರಿ. ಎದ್ದು ಬಂದು ಎರಡೂ ಕೈಯಲ್ಲಿ ಚಕ್ರ ಹಿಡಿದು, 'ಬಿಡು. ಈಗ ಇದು ನನ್ನ ಮನೆ' ಅಂದ. ಆ ಕಡೆ ಹಿಡಿತ ಬಿಗಿಯಾಯ್ತು.

"ಅಷ್ಟರಲ್ಲಿ ಚಹಾ ತಗೊಂಡು ಇವಳು, ಇವಳ ಹಿಂದೆ ನಾನು, ಒಳಗೆ ಬಂದ್ವಿ. ಅವನು ಬೆವತು ಹೋಗಿದಾನೆ, ಕತ್ತಿನ ನರ ಉಬ್ಬಿದೆ. ಇವಳು ಅವನನ್ನ ನೋಡಲೇ ಇಲ್ಲ ಕಣ್ರೇ... ಚಕ್ರದ ಆ ಕಡೆ, ಯಾರೂ ಇಲ್ಲದ ಕಡೆ ನೋಡಿ, ಮುಖ ಅರಳಿಸಿ, 'ಬಂದ್ರಾ?' ಅಂದ್ಲು.

"ಮೆಕ್ಯಾನಿಕ್ಕು ಕೈ ಬಿಟ್ಟ. ಅವನ ಮುಖ ಹೇಗಿತ್ತು ಅಂತ ಹೇಳೋಕೆ ನನಗೆ ಬರಲ್ಲ.

"ಆಮೇಲೂ ಬಾಳಿದ, ಅವಳನ್ನ ಚೆನ್ನಾಗೇ ನೋಡ್ಕೊಂಡ. ಆದ್ರೆ ಮಳೆಗಾಲಕ್ಕೆ ದೋಣಿ ಎಳೆಸಿ ಶೆಡ್ಡಿಗೆ ಸೇರಿಸಿ ಬಂದುಬಿಡ್ತಿದ್ದ. ಉಳಿದ ಕೆಲಸ ತಾನಾಗೇ ಆಗ್ತಿತ್ತು. ಎಷ್ಟೋ ವರ್ಷದ ಮೇಲೆ, ಎದೆ ನೋವಲ್ಲಿ ಮಲಗಿ ಸಾಯೋ ಹೊತ್ತಿಗೆ, ಇವಳ ಕೈ ಹಿಡ್ಕೊಂಡು, 'ಇನ್ಮೇಲೆ ನಾನೂ ಅವನೂ ಸಮ' ಅಂದ. ನಗ್ತಾ ಅಂದ.

"ಆ ವರ್ಷ ಬೇರೆ ಮೆಕ್ಯಾನಿಕ್ಕನ್ನ ಕರೆಸಿದ್ವಿ. ಚಕ್ರ ಒಂದಿಷ್ಟೂ ಅಲ್ಲಾಡಲಿಲ್ಲ. ತುಕ್ಕು ಹಿಡಿದು ಕಚ್ಕೊಂಡಿದೆ ಅಂದ. ಎಲ್ಲಿದೆ ತುಕ್ಕು? ಕನ್ನಡಿ ಹಾಗೆ ಹೊಳೀತಿದೆ. ಎರಡು ಕಡೆಯಿಂದ ಹಿಡ್ಕೊಂಡಿದಾರೆ, ಒಬ್ಬರೂ ಬಿಡೋಲ್ಲ. ಇವಳು ದಿನಾ ಸಂಜೆ ಹೋಗಿ ಅವರಿಬ್ಬರ ಮಧ್ಯೆ ಒಂದಿಷ್ಟು ಹೊತ್ತು ಕೂತು ಬರ್ತಾಳೆ. ಈಗಲೂ ಅಲ್ಲೇ ಇದಾಳೆ."

ನನ್ನ ಅಣ್ಣ ಟಾರ್ಚು ಹಿಡಿದು ಎದ್ದ. ಚಿಕ್ಕಜ್ಜಿಯನ್ನು ತಾನೇ ಹೋಗಿ ಕರೆದುಕೊಂಡು ಬರುತ್ತೇನೆ ಅಂದ.

"ಹೋಗು, ಬೇಡ ಅನ್ನೋಲ್ಲ," ಅಂದಳು ದೊಡ್ಡಜ್ಜಿ. "ಆದ್ರೆ ಬಾಗಿಲಲ್ಲೇ ನಿಂತು ಕರಿ. ಗಂಡಸು ನೀನು, ಒಳಗೆ ಹೋಗಿ ಅವಳ ಕೈ ಹಿಡೀಬೇಡ. ಹೊಸಬ ಯಾರೋ ಬಂದ ಅಂತ ಕಂಡ್ರೆ... ಇಬ್ರೂ ಒಟ್ಟಿಗೇ ಚಕ್ರ ಬಿಡ್ತಾರೆ."