ಮೊದಲೇ ಹಾಕಿದ್ದ ಬಾಗಿಲು

ಕುಮಾಸಿ ನಗರದಲ್ಲಿ, ಟ್ರೋಟ್ರೋ ಎನ್ನುವ ಬಾಡಿಗೆ ವ್ಯಾನಿನ ಸರದಿಯಲ್ಲಿ ನನ್ನ ಮುಂದೆ ಹೆರಿಗೆ ಆಸ್ಪತ್ರೆಯ ಕಂಪ್ಯೂಟರ್ ನೋಡಿಕೊಳ್ಳುವ ಇಬ್ಬರು ಹೆಂಗಸರು ನಿಂತಿದ್ದರು. ಕಿರಿಯವಳು ಪಿಸುಗುಟ್ಟಿದಳು:

“ಅಬ್ರಫಿ ಅಕ್ಕಾ, ಶುಕ್ರವಾರ ಹೊಸ ಸರ್ವರ್‌ಗೆ ಇಂಟರ್ನೆಟ್ ಕೊಟ್ಟು, ಕಳ್ಳರು ನುಗ್ಗದ ಹಾಗೆ ಬಂದೋಬಸ್ತು ಮಾಡೋದನ್ನೇ ಮರೆತು ದೊಡ್ಡಮ್ಮನ ಶವಸಂಸ್ಕಾರಕ್ಕೆ ಓಡ್ಬಿಟ್ಟೆ.”

“ಅಯ್ಯೋ ಮಂಕೇ, ಬಾಣಂತಿಯರ ದಾಖಲೆಯೆಲ್ಲ ಅದರಲ್ಲೇ ಇತ್ತಲ್ಲೇ!”

“ಇವತ್ತು ಬೆಳಿಗ್ಗೆ ಬಂದು, ಯಾರ್ಯಾರು ನುಗ್ಗೋಕೆ ನೋಡಿದ್ರು ಅಂತ ಸರ್ವರ್ ಬರೆದಿಟ್ಟಿದ್ದನ್ನ ನೋಡ್ದೆ. ಅಷ್ಟರಲ್ಲೇ ಇಂಟರ್ನೆಟ್ ಕಳ್ಳರು ನಲವತ್ತು ಸಾವಿರ ಸಲ ಬಾಗಿಲು ತಟ್ಟಿದಾರೆ.”

“ಒಳಗೆ ಬಂದ್ರಾ?”

“ಒಬ್ಬನೂ ಬಂದಿಲ್ಲ! ನಾನಂತೂ ಒಂದು ಬಾಗಿಲೂ ಹಾಕಿರ್ಲಿಲ್ಲ.”

“ಆ ಸರ್ವರ್ ನಡೆಸೋ ಸಿಸ್ಟಮ್ ಬರೋದೇ ಎಲ್ಲಾ ಬಾಗಿಲು ಹಾಕ್ಕೊಂಡು ಕಣೇ. ಬೇಕಾದ್ದನ್ನಷ್ಟೇ ನಾವು ತೆಗೀಬೇಕು.”

“ಹಾಕಿದ್ದು ಯಾರು?”

“ಆ ಸಿಸ್ಟಮನ್ನ ಬರೆದು ಪುಕ್ಕಟೆ ಹಂಚೋ ಜನ. ನಿನ್ನಂಥ ಮರೆಗುಳಿ ಎಲ್ಲೋ ಒಬ್ಬಳು ಇರ್ತಾಳೆ ಅಂತ ಮೊದಲೇ ಯೋಚಿಸಿದ್ರು.”

ಕಿರಿಯವಳು ನಗಲಿಲ್ಲ. “ನಮ್ಮ ಒಬ್ಬ ಬಾಣಂತಿ ಹೆಸರೂ ಗೊತ್ತಿಲ್ಲದೆ, ಎಲ್ಲರನ್ನೂ ಕಾಪಾಡಿದ್ರಲ್ಲಾ ಅಕ್ಕಾ!”

ಟ್ರೋಟ್ರೋ ಬಂತು. ಇಬ್ಬರೂ ಹತ್ತಿದರು.