ಇಸ್ತ್ರಿ ವಿಭಾಗದಲ್ಲಿ ಉಗಿ ಸಿಡಿದು ಕೈ ಸುಟ್ಟ ಬಗ್ಗೆ

ಲಾಂಡ್ರಿಯಲ್ಲಿ ಮೂಟೆ ಎಂದೇ ಕರೆಸಿಕೊಳ್ಳುವ ನಾನು, ವಯಸ್ಸು ಹತ್ತೊಂಬತ್ತು, ಒಂಬತ್ತನೇ ತರಗತಿ ಅರ್ಧಕ್ಕೆ ಬಿಟ್ಟವನು. ಆಸ್ಪತ್ರೆ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಮೂಟೆ ಸಾಗಿಸುವ ಕೆಲಸ. ಅದರ ಹಿಂದಿನ ಗಲ್ಲಿಯಲ್ಲಿ ಅಕ್ಕನ ಮನೆಯಲ್ಲಿ ವಾಸ. ಠಾಣೆಗೆ ಕರೆಸಿ ಕೇಳಿದ್ದಕ್ಕೆ ತಿಳಿಸುವುದೇನೆಂದರೆ,

ಅಕ್ಕ ಅದೇ ಲಾಂಡ್ರಿಯಲ್ಲಿ ಹನ್ನೊಂದು ವರ್ಷದಿಂದ ಇಸ್ತ್ರಿ ಮಾಡುತ್ತಾಳೆ. ಈ ವರ್ಷ ಕಾರ್ಮಿಕ ಸಂಘದವರು ಎರಡು ದಿನ ಕೆಲಸ ನಿಲ್ಲಿಸಿ, ಹಳೇ ಉಗಿ ಪೈಪು ಬದಲಿಸಬೇಕೆಂದು ಪಟ್ಟು ಹಿಡಿದರು. ಮಾಲೀಕರು ಒಪ್ಪಿದರು. ಮುಂದಿನ ವಾರವೇ ಅಕ್ಕನನ್ನು ಕರೆದು, ಸಂಘದವರ ಕಾಟ ಸಾಕಾಗಿದೆ, ಇಸ್ತ್ರಿ ವಿಭಾಗ ಇನ್ನು ಗುತ್ತಿಗೆಗೆ, ನೀನೇ ಕಾಂಟ್ರಾಕ್ಟರ್, ಉಳಿದ ಹೆಂಗಸರು ನಿನ್ನ ಆಳುಗಳು, ಬೇಡವಾದರೆ ಗೇಟು ತೆರೆದೇ ಇದೆ ಎಂದರು. ಅಕ್ಕ ಸಹಿ ಹಾಕಿದಳು. ಅಂದು ಮನೆಯಲ್ಲಿ ಭಾವ ಅಕ್ಕನಿಗೆ, ಮಾಲೀಕರೇ, ನನಗೂ ಒಂದು ಕೆಲಸ ಕೊಡಿ ಎಂದು ತಮಾಷೆ ಮಾಡಿದರು. ಅಕ್ಕ ನಗಲಿಲ್ಲ.

ಅವಳು ಸಂಘದ ಕಾರ್ಯದರ್ಶಿಯನ್ನು ಕಂಡಾಗ ನಾನೂ ಜೊತೆಗಿದ್ದೆ. ಪೈಪಿನ ಒಪ್ಪಂದ ಆಗಿರುವುದು ಕೆಲಸಗಾರರಿಗೆ ಮಾತ್ರ ತಾಯಿ, ನೀವೀಗ ಆ ಕಡೆಯವರು ಎಂದು ಅವರು ಹೇಳಿದರು. ಒಗೆಯುವ ವಿಭಾಗಕ್ಕೆ ಹೊಸ ಪೈಪು ಬಂತು. ಇಸ್ತ್ರಿಗೆ ಬರಲಿಲ್ಲ.

ನಿನ್ನೆ ಬೆಳಿಗ್ಗೆ ಇಸ್ತ್ರಿ ಯಂತ್ರದ ಮೇಲಿನ ಪೈಪು ಬುಸುಗುಡುತ್ತಿತ್ತು. ಉಗಿ ನಿಲ್ಲಿಸುವ ಚಕ್ರ ಬಾಯ್ಲರ್ ಕೋಣೆಯಲ್ಲಿದೆ, ಆ ಕೋಣೆಯ ಬೀಗದ ಕೈ ಮ್ಯಾನೇಜರ್ ಸೊಂಟದಲ್ಲಿರುತ್ತದೆ. ನಿಲ್ಲಿಸಿ ಸಾರ್ ಎಂದು ಅಕ್ಕ ಕೇಳಿಕೊಂಡಳು. ಆಸ್ಪತ್ರೆ ಗಾಡಿ ಹತ್ತಕ್ಕೆ ಬರುತ್ತೆ, ಅಲ್ಲೀವರೆಗೆ ಪೈಪಿಗೆ ಬಟ್ಟೆ ಸುತ್ತಿಕೊಂಡು ತಳ್ಳಮ್ಮ ಎಂದು ಅವರು ಹೇಳಿದ್ದನ್ನು ಮೂಟೆ ಇಳಿಸುತ್ತಿದ್ದ ನಾನು ಕಿವಿಯಾರೆ ಕೇಳಿದೆ. ಒಂಬತ್ತೂವರೆಗೆ ಪೈಪು ಬಿಚ್ಚಿಕೊಂಡು, ನಾವೆಲ್ಲ ದೊಡ್ಡಮ್ಮ ಎನ್ನುವ ಹೆಂಗಸಿನ ಬಲಗೈ ಮೊಣಕೈವರೆಗೆ ಬೆಂದುಹೋಯಿತು. ಲಾಂಡ್ರಿಯ ವ್ಯಾನು ಅಂಗಳದಲ್ಲೇ ನಿಂತಿತ್ತು. ಮ್ಯಾನೇಜರ್ ಅಕ್ಕನಿಗೆ, ಅವಳು ನಿನ್ನ ಆಳು, ನೀನೇ ಸಾಗಿಸು ಎಂದರು. ನಾನು ತಳ್ಳುಗಾಡಿಯಲ್ಲಿ ಕೂರಿಸಿ ಆಸ್ಪತ್ರೆಗೆ ತಳ್ಳಿದೆ. ಮೆಲ್ಲಗೆ ಹೋಗೋ, ನಾನೇನು ಕೊಳೆ ಬಟ್ಟೆನಾ ಎಂದು ದೊಡ್ಡಮ್ಮ ದಾರಿಯುದ್ದಕ್ಕೂ ಬಯ್ಯುತ್ತಿದ್ದರು. ಆಸ್ಪತ್ರೆ ಗೇಟಿನ ಹತ್ತಿರ ಪ್ರಜ್ಞೆ ತಪ್ಪಿ ಬಯ್ಯುವುದು ನಿಂತಿತು.

ಸಂಜೆ ಮಾಲೀಕರು, ಗುತ್ತಿಗೆದಾರರ ಅಜಾಗರೂಕತೆ ಎಂದು ದೂರು ಕೊಟ್ಟರು. ಅಕ್ಕ ಆಗಿನಿಂದ ಇದೇ ಠಾಣೆಯ ಬೆಂಚಿನ ಮೇಲಿದ್ದಾಳೆ. ಉಗಿ ನಿಲ್ಲಿಸಲು ಇನ್ನೊಬ್ಬರ ಸೊಂಟದ ಬೀಗದ ಕೈಗೆ ಕೈಮುಗಿಯುವ ಗುತ್ತಿಗೆದಾರರನ್ನು ನಾನು ಎಲ್ಲೂ ಕಂಡಿಲ್ಲ.

ಠಾಣೆಯ ಸಾಹೇಬರು ಈ ಹೇಳಿಕೆ ಓದಿ ಹೇಳಿದಾಗ, ನಾನು ಅಕ್ಕ ಎಂದ ಕಡೆಯೆಲ್ಲ ಗುತ್ತಿಗೆದಾರರು ಎಂದಿತ್ತು. ಅದನ್ನು ಹೊಡೆದುಹಾಕದೆ ಸಹಿ ಮಾಡಲಾರೆ ಎಂದೆ. ನಿನ್ನ ಕೆಲಸವೂ ಹೋಗುತ್ತೆ ನೋಡು ಎಂದು ಮ್ಯಾನೇಜರ್ ಬಾಗಿಲಲ್ಲಿ ನಿಂತು ಹೇಳಿದ್ದನ್ನೂ ಬರೆಸಿದ್ದೇನೆ. ಸಾಹೇಬರು ತಿದ್ದಿದ ಪ್ರತಿಯೊಂದು ಕಡೆ ನನ್ನ ಸಹಿ ಇದೆ. ನಾನು ಕಾಣದ್ದು, ಕೇಳದ್ದು ಇದರಲ್ಲಿ ಒಂದೂ ಇಲ್ಲ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: ಘಟನೆಯ ಮರುದಿನ
(ಸಹಿ)