ಕೆರೆಗೋಡು ಅಂತ ಸುರುಸಿದ ಮಣ್ಣು

ಮಾತಾಡ್ಬೇಡ, ಮಾತಾಡ್ಬೇಡ ಕಣಕ್ಕ! ಹಲ್ಲು ಕಿತ್ತ ಡಾಕ್ಟ್ರು ಏನಂದ್ರು? ಮುಕ್ಕಾಲು ಗಂಟೆ ಹತ್ತಿ ಕಚ್ಕಂಡಿರು, ಬಾಯಿ ಬುಟ್ರೆ ರಕ್ತ ನಿಲ್ಲಕಿಲ್ಲ ಅನ್ನಲಿಲ್ವಾ? ನಿಮ್ಮೂರ ಬಸ್ಸಿಗೆ ಇನ್ನೂ ಒತ್ತದೆ. ಫ್ಯಾನ್ ಕೆಳಗೆ ಕೂತ್ಕೊ. ನಮ್ಮನೆಯೋಳು ಕುಸುಮ ಐಸ್‌ಕ್ರೀಮ್ ತರಕ್ಕೋಗವ್ಳೆ. ನಾನು ಮಾತಾಡ್ತೀನಿ, ನೀನು ತಲೆ ಅಲ್ಲಾಡುಸು, ಸಾಕು.

ಎಂಗದೆ ತಮ್ಮನ ಹೊಸ ಮನೆ? ಮದ್ದೂರಲ್ಲಿ ಇಂಥ ಗ್ರಾನೈಟು... ಯಾಕಕ್ಕ, ನೆಲಾನೇ ನೋಡ್ತಿದ್ದೀಯ? ನಗ್ತಿದ್ದೀಯಾ? ಇಲ್ವಾ? ನಕ್ಕಂಗೆ ಕಾಣ್ತು.

ಗೊತ್ತು ಬುಡು, ಗದ್ದೆ ವಿಚಾರ ಮನಸ್ಗಾಕ್ಕಂಡಿದ್ದೀಯ. ಪೈರು ಮೇಲಕ್ಕೇಳ್ತಿಲ್ಲ, ಕೆಂಪಗಾಗಿ ಕೂತದೆ ಅಂತ ಮೊನ್ನೆ ಫೋನ್‌ನಲ್ಲಿ ಅಂದ್ಯಲ್ಲ. ಬಿತ್ನೆ ಸರಿ ಇಲ್ವೇನೋ. ನಾಲೆ ನೀರು ಬುಟ್ಟಿದ್ದೂ ತಡ... ಮಣ್ಣಾ? ಮಣ್ಣಿಗೇನಾಗದೆ? ಯಾಕಂಗೆ ಬೆರಳು ಉಜ್ಜಿ ತೋರುಸ್ತೀಯ? ಉಪ್ಪು ಉದುರಿದಂಗೆ ಬೆಳ್ಳಗೆ ಕಟ್ಟದಾ? ಬಿಸ್ಲಿಗೆ ಕಟ್ತದೆ ಕಣಕ್ಕ, ಅದಕ್ಕೆಲ್ಲ ಎದುರ್ಕತಾರಾ? ನಾನು ಒಡುಸ್ಕೊಟ್ಟಿದ್ದು ಕೆರೆ ತಳದ ಗೋಡು, ಕೆರೆಗೋಡು ಅಂದ್ಮೇಲೆ ಒಂದೆರಡು ಬೆಳೆ ಕಾಯ್ಬೇಕು...

ಚೀಲದಿಂದ ಏನ್ ತೆಗೀತಿದ್ದೀಯ? ಮಾತ್ರೆಯಾ? ಅಯ್ಯ, ಮಣ್ಣು! ಗಂಟು ಕಟ್ಕಂಡು ಬಂದಿದ್ದೀಯ! ವಿ.ಸಿ. ಫಾರಂನಲ್ಲಿ ಮಣ್ಣು ಪರೀಕ್ಷೆ ಮಾಡೋರ್ಗೆ ತೋರ್ಸಕ್ಕಾ? ಅಲ್ಲಿಗ್ಯಾಕಕ್ಕ, ಅವ್ರೇನ್ ಹೇಳ್ತಾರೆ... ಹೌದೋ ಅಲ್ವೋ ತಲೆನಾರ ಅಲ್ಲಾಡುಸ್ಬಾರ್ದಾ? ಯಾಕಂಗೆ ನೋಡ್ತೀಯ?

ಕರಿಯಯ್ಯ ಏನಾರ ಅಂದ್ನಾ? ಟ್ರ್ಯಾಕ್ಟ್ರು ಒಡುದೋನು? ಅವನ ಮಾತ ಕಟ್ಕಬೇಡ. ಚಿಟಿಕೆ ಮಣ್ಣ ನಾಲ್ಗೆ ಮೇಲಾಕ್ಕಂಡು ಥೂ ಅಂತ ಉಗುದ. ಸೌಳು ಕಣಣ್ಣ ಇದು, ಉಣ್ಣೋ ಗದ್ದೆಗೆ ಬ್ಯಾಡ ಅಂದ. ನಾಲ್ಗೇಲಿ ನೆಕ್ಕುದ್ರೆ ಗೊತ್ತಾಗ್ಬುಡ್ತದಾ? ಬಾಯ್ಮುಚ್ಕಂಡು ಒಡಿಲಾ ಅಂದೆ ನಾನೂ... ಏನು? ಅವ್ನೇನೂ ಅಂದಿಲ್ವಾ?

ನಾನೇ ಅಂದ್ಬುಟ್ನಾ...

ಕೆರೆಗೋಡಲ್ಲ ಕಣಕ್ಕ ಅದು. ಈ ಮನೆ ಪಾಯದ ಮಣ್ಣು. ನಿನ್ನ ಕಾಲ ಕೆಳಗಿಂದಲೇ ತೆಗುಸಿದ್ದು. ಪಾಯ, ಸಂಪು ಎಲ್ಲಾ ತೋಡುಸಿ ರಸ್ತೆ ತುಂಬ ಗುಡ್ಡೆ ಬಿತ್ತು. ಅಕ್ಕಪಕ್ಕದೋರು ಜಗಳಕ್ಕೆ ಬಂದ್ರು. ದೂರದ ಕಲ್ಲುಕೋರೆ ಗುಂಡಿಗೆ ಸುರಿಯಕ್ಕೆ ಲೋಡಿಗೆ ಒಂಬೈನೂರು ಕೇಳುದ್ರು, ಇಪ್ಪತ್ತೈದು ಲೋಡು! ಮಣ್ಣ ಬಿಸಾಕಕ್ಕೂ ಕಾಸು ಕೊಡಾದಾ ಅಂತ ಒಟ್ಟೆ ಉರ್ದೋತು. ನಿನ್ನ ಗದ್ದೆ ಇಲ್ಲೇ ಎರಡು ಮೈಲಿ. ನೀನೂ ವರ್ಸವರ್ಸ ಕೇಳ್ತಿದ್ದೆ, ಗದ್ದೆ ತಗ್ಗಾಗದೆ, ಒಸಿ ಕೆರೆಗೋಡು ಒಡುಸ್ಕೊಡ್ಲಾ ಅಂತ. ನೋಡಕ್ಕೂ ಕಪ್ಪಗೇ ಇತ್ತು...

ಅಪ್ಪ ಅರಿಸಿನ ಕುಂಕುಮಕ್ಕೆ ಅಂತ ನಿನಗೆ ಕೊಟ್ಟ ಹತ್ತು ಗುಂಟೆ. ನಿನ್ನ ವರ್ಸದ ಅಕ್ಕಿ ಬರಾದೇ ಅದರಲ್ಲಿ. ಗೊತ್ತು. ಸುರುಸೋವಾಗ್ಲೂ ಗೊತ್ತಿತ್ತು. ಸಾಲ್ದು ಅಂತ ಡೀಸಲ್ ಕಾಸೂ ನಿನ್ನ ಕೈಲೇ ಈಸ್ಕಂಡೆ. ಥತ್, ನನ್ನ ಬಾಳಿಗಿಷ್ಟು!

ಮೊದಲ್ನೇ ಲೋಡು ಬಿದ್ದಾಗ ನೀನು ತಲೆ ಮೇಲೆ ಸೆರಗಾಕ್ಕಂಡು ಬಂದು, ಗುಡ್ಡೆಗೆ ಅರಿಸಿನ ಕುಂಕುಮ ಇಕ್ಕಿ, ಊದ್ಗಡ್ಡಿ ಸಿಕ್ಕುಸಿ, ಕಾಯಿ ಒಡುದ್ಯಲ್ಲ... ಕರಿಯಯ್ಯ ಮಕ ಆಕಡೆ ತಿರುಗುಸ್ಕಂಡ. ನೀನು ನನ್ನ ಕೈಗೊಂದು ಕಾಯಿ ಚೂರು ಕೊಟ್ಟು, ತಮ್ಮ ಅಂದ್ರೆ ನೀನು ಕಣ್ಲಾ ಅಂದೆ. ತಿಂದೆ ಕಣಕ್ಕ. ಬೆಲ್ಲ ಇಲ್ವಾ ಅಂತ ಕೇಳಿ ಈಸ್ಕಂಡು ತಿಂದೆ.

ಎತ್ತುಸ್ತೀನಿ. ಎಷ್ಟಾದ್ರೂ ಆಗ್ಲಿ, ಒಂದು ಬಾಂಡ್ಲಿನೂ ಬುಡ್ದಂಗೆ ಎತ್ತುಸ್ಬುಡ್ತೀನಿ... ಸುಮ್ನಿರ್ಬೇಡ ಅಕ್ಕ. ಓ, ಮುಕ್ಕಾಲು ಗಂಟೆ ಆತು. ಹತ್ತಿ ತೆಗಿ. ತೆಗ್ದು ಬಾಯ್ತುಂಬ ಬಯ್ಯಿ ನನ್ನ.

ಎಲ್ಲಿ ಹತ್ತಿ? ಬಾಯಲ್ಲಿಲ್ವಾ? ಏನದು ಮುಷ್ಟೀಲಿ, ಬುಡು ನೋಡನ... ಒಣಗೋಗದಲ್ಲಕ್ಕ! ರಕ್ತ ಕರ್ರಗಾಗದೆ. ಯಾವಾಗ ತೆಗುದ್ಯಕ್ಕ? ಮಾತಾಡ್ಬೌದಾಗಿತ್ತಲ್ಲ ನೀನು. ಇಷ್ಟೊತ್ತೂ...

ಏಳ್ಬೇಡ, ಬಸ್ಸು ಇನ್ನೂ ಬಂದಿಲ್ಲ. ಕುಸುಮ ಬತ್ತಾಳೆ, ಐಸ್‌ಕ್ರೀಮ್... ಅಕ್ಕ, ಗಂಟು! ಮಣ್ಣಿನ ಗಂಟ ಇಲ್ಲೇ ಬುಟ್ಟೋಗ್ತಿದ್ದೀಯ. ಫಾರಂಗಲ್ವಾ ಅದು?

ನಂಗಾ? ನಂಗೇ ಅಂತ ತಂದಿದ್ದಾ, ಅಕ್ಕ?